ಅರ್ಧ ಮಿಲಿಮೀಟರಿನ ಬಿಳಿ ಚುಕ್ಕೆ

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಟಾರ್ಗೆಟ್ ಕಾರ್ಡಿನ ನಟ್ಟನಡುವೆ ಒಂದು ಬಿಳಿ ಚುಕ್ಕೆ ಇರುತ್ತದೆ. ಅದರ ಅಡ್ಡಳತೆ 0.5 ಮಿಲಿಮೀಟರ್. ಪೀಣ್ಯದ ಒಂದು ಮೆಷಿನ್ ಶಾಪಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದಿನವಿಡೀ ವರ್ನಿಯರ್, ಮೈಕ್ರೋಮೀಟರ್ ಹಿಡಿದು ಕೂರುವ ನನಗೆ ಅರ್ಧ ಮಿಲಿಮೀಟರ್ ಎಂದರೆ ದೊಡ್ಡ ಅಳತೆಯೇ. ಅಷ್ಟು ವ್ಯತ್ಯಾಸ ಬಂದ ಪೀಸು ನಮ್ಮಲ್ಲಿ ಸೀದಾ ರಿಜೆಕ್ಷನ್ ಟ್ರೇಗೆ ಹೋಗುತ್ತದೆ. ಆದರೆ ಹತ್ತು ಮೀಟರ್ ಆಚೆ ನಿಂತು, ಸುಮಾರು ಐದು ಕಿಲೋ ತೂಕದ ರೈಫಲ್ ಎತ್ತಿ ಹಿಡಿದು ನೋಡಿದರೆ ಆ ಚುಕ್ಕೆ ಕಣ್ಣಿಗೇ ಬೀಳುವುದಿಲ್ಲ. ಕಾಣುವುದು 30.5 ಮಿಲಿಮೀಟರಿನ ಕಪ್ಪು ವೃತ್ತ ಮಾತ್ರ. ಕಾಣದ ಚುಕ್ಕೆಗೆ ಗುರಿ ಇಡುವುದನ್ನು ಕಲಿಯುವ ಈ ಹವ್ಯಾಸ ನನ್ನಂಥ ನಲವತ್ತು ದಾಟಿದವಳಿಗೂ ದಕ್ಕಿದೆ, ನಿಮಗೂ ದಕ್ಕುತ್ತದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಅಬ್ಬಿಗೆರೆಯಲ್ಲಿ. ಭಾನುವಾರ ಬೆಳಿಗ್ಗೆ ಗಂಗಮ್ಮನಗುಡಿ, ಎಂ.ಎಸ್. ಪಾಳ್ಯದ ಮೇಲೆ ಸ್ಕೂಟರಿನಲ್ಲಿ ಯಲಹಂಕದ ಕಡೆಗೆ ಹೊರಟರೆ ಎದುರು ಮನೆಯವರು, "ಏನ್ ಮೇಡಂ, ಗನ್ ಕ್ಲಾಸಾ?" ಎನ್ನುತ್ತಾರೆ. ಅದರ ಬೆನ್ನಿಗೇ ಬರುವ ಪ್ರಶ್ನೆ, "ಲೈಸೆನ್ಸ್ ಬೇಕಲ್ವಾ?" ಎಲ್ಲರೂ ಕೇಳುವ ಪ್ರಶ್ನೆ ಇದು, ಹಾಗಾಗಿ ಮೊದಲು ಇದನ್ನೇ ಮುಗಿಸುತ್ತೇನೆ.

ಬಂದೂಕುಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ನಡೆಯುವುದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು. ಗಾಳಿಯ ಒತ್ತಡದಿಂದ ಹಾರಿಸುವ ಏರ್ ರೈಫಲ್ಲಿನ ಬೋರ್ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದೆ, ನಳಿಗೆಯ ಬಾಯಲ್ಲಿ ಗುಂಡಿಗಿರುವ ಶಕ್ತಿ 20 ಜೂಲ್ ದಾಟದೆ ಇದ್ದರೆ ಅದಕ್ಕೆ ಪರವಾನಗಿ ಬೇಡ. ಸ್ಪರ್ಧೆಯ ಏರ್ ರೈಫಲ್ ಈ ಮಿತಿಯ ಅರ್ಧಕ್ಕೂ ಕೆಳಗೇ ಇರುತ್ತದೆ. ಸುಮಾರು ಅರ್ಧ ಗ್ರಾಂ ತೂಗುವ ಸೀಸದ ಪೆಲೆಟ್ ಸೆಕೆಂಡಿಗೆ 170 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಏಳೆಂಟು ಜೂಲ್ ಆಗುತ್ತದೆ. ಅಂಗಡಿಯವರು ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ, ಕೊಡಬೇಕು. 0.22 ರೈಫಲ್ ಮಾತ್ರ ಬೇರೆಯೇ ಕತೆ. ಅದರಲ್ಲಿ ಉರಿಯುವುದು ಮದ್ದು. ಅದು ಬಂದೂಕೇ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು, ಗುಂಡು ಕೊಳ್ಳುವುದಕ್ಕೂ ಬೇಕು.

ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಅದು ಆಟಿಕೆ ಅಲ್ಲ. ಎಂಟು ಜೂಲ್ ಒಂದು ಕಣ್ಣು ಕಳೆಯಲು ಧಾರಾಳ ಸಾಕು. ತಾರಸಿಯ ಮೇಲೆ ಡಬ್ಬಿ ಇಟ್ಟು ಹೊಡೆಯುವವರನ್ನು ನಮ್ಮ ಬಡಾವಣೆಗಳಲ್ಲೇ ನೋಡಿದ್ದೇನೆ. ಮನೆಗಳು ಒತ್ತೊತ್ತಾಗಿರುವ ಈ ಊರಿನಲ್ಲಿ ಪೆಲೆಟ್ ಗೋಡೆಗೆ ಬಡಿದು ಎತ್ತ ತಿರುಗುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕಿಂತ ಕೆಟ್ಟದ್ದು ಕೆರೆಯ ಪಕ್ಕ ನಿಂತು ಕೊಕ್ಕರೆಗೋ ಬಾತಿಗೋ ಗುರಿ ಇಡುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಮಕ್ಕಳ ಕೈಯಲ್ಲಿ ಏರ್ ಗನ್ ಕೊಟ್ಟು ಹಕ್ಕಿ ತೋರಿಸುವ ದೊಡ್ಡವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಕನ್ನಡ ನಾಡಿಗೆ ಬಂದೂಕು ಹೊಸದೇನಲ್ಲ. ನಮ್ಮ ಶಾಪಿನಲ್ಲಿ ಮಡಿಕೇರಿ ಕಡೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಸೆಪ್ಟೆಂಬರ್ ಬಂದರೆ ಅವರು ಕೈಲ್‌ಪೊಳ್ದ್ ಹಬ್ಬಕ್ಕೆ ರಜೆ ಹಾಕಿ ಊರಿಗೆ ಹೋಗುತ್ತಾರೆ. ಅಂದು ಮನೆಯ ಬಂದೂಕಿಗೆ ತೋಕ್‌ಪೂ ಎಂಬ ಹೂವಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ; ಅದರಲ್ಲಿ ಹೆಂಗಸರೂ ಇರುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿ ಪಡೆಯುವುದರಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಬಯಲುಸೀಮೆಯ ನಮಗೆ ಬಂದೂಕಿನ ಪರಿಚಯ ಆಗಿದ್ದು ಜಾತ್ರೆಯ ಬಲೂನ್ ಅಂಗಡಿಯಲ್ಲಿ, ಇಲ್ಲವೇ ಕಾಲೇಜಿನ ಎನ್‌ಸಿಸಿಯಲ್ಲಿ. ನನ್ನದು ಎನ್‌ಸಿಸಿ. 0.22 ರೈಫಲ್ ಹಿಡಿದು ನೆಲದ ಮೇಲೆ ಬೋರಲು ಮಲಗಿ ಐದು ಗುಂಡು ಹೊಡೆದು, ಐದೂ ಎಷ್ಟು ಹತ್ತಿರ ಬಿದ್ದಿವೆ ಎಂದು ಅಳೆಯುವ 'ಗ್ರೂಪಿಂಗ್' ಅಲ್ಲೇ ಗೊತ್ತಾಗಿದ್ದು. ಗುರಿಯ ಮಧ್ಯಕ್ಕೆ ತಾಗಿದೆಯೇ ಎಂದು ಆಗ ಹವಿಲ್ದಾರರು ಕೇಳುತ್ತಿರಲಿಲ್ಲ; ಒಂದೇ ಕಡೆ ಬಿದ್ದಿವೆಯೇ ಎಂದಷ್ಟೇ ನೋಡುತ್ತಿದ್ದರು. ಅಳತೆಯ ಕೆಲಸಕ್ಕೆ ಬಂದ ಮೇಲೆ ಆ ಪ್ರಶ್ನೆಯ ಬೆಲೆ ಗೊತ್ತಾಯಿತು. ಒಂದೇ ಕಡೆ ಬೀಳುತ್ತಿದ್ದರೆ ಸೈಟ್ ತಿರುಗಿಸಿ ಮಧ್ಯಕ್ಕೆ ತರಬಹುದು. ಚೆದುರಿ ಬೀಳುತ್ತಿದ್ದರೆ ಸರಿಪಡಿಸಬೇಕಾದ್ದು ಹೊಡೆಯುವವರನ್ನು.

ನಾನು ಹೋಗುವ ರೇಂಜ್ ಒಂದು ಕಟ್ಟಡದ ಮೇಲಿನ ಮಹಡಿ. ಏರ್ ರೈಫಲ್ಲಿಗೆ ಬೇಕಾಗುವುದು ಹತ್ತು ಮೀಟರ್ ಉದ್ದದ ಹಾಲ್, ಕೊನೆಯಲ್ಲಿ ಪೆಲೆಟ್ ಹಿಡಿಯುವ ಉಕ್ಕಿನ ಪೆಟ್ಟಿಗೆಗಳು, ಚೆನ್ನಾಗಿ ಬೆಳಕು ಬೀಳುವ ಟಾರ್ಗೆಟ್. ಬೆಂಗಳೂರಿನಲ್ಲಿ ಮಹಡಿಗಳ ಮೇಲೆ ರೇಂಜ್ ನಡೆಸುವುದು ಸಾಧ್ಯವಾಗಿರುವುದು ಇದರಿಂದಲೇ. ಗುಂಡಿ ಒತ್ತಿದರೆ ಕಾರ್ಡ್ ತಂತಿಯ ಮೇಲೆ ಓಡಿಬಂದು ಕೈಗೆ ಸಿಗುತ್ತದೆ. ದೊಡ್ಡ ಸ್ಪರ್ಧೆಗಳಲ್ಲಿ ಕಾಗದ ಹೋಗಿ ಎಲೆಕ್ಟ್ರಾನಿಕ್ ಟಾರ್ಗೆಟ್ ಬಂದಿದೆ.

ಮೊದಲ ಪಾಠ ಸುರಕ್ಷತೆ. ಖಾಲಿ ಇರಲಿ, ತುಂಬಿರಲಿ, ನಳಿಗೆಯ ಬಾಯಿ ಸದಾ ಟಾರ್ಗೆಟ್ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗೆ. ಕೆಳಗಿಟ್ಟ ರೈಫಲ್ಲಿನಲ್ಲಿ ಸೇಫ್ಟಿ ಫ್ಲ್ಯಾಗ್ ಎಂಬ ಬಣ್ಣದ ಪ್ಲಾಸ್ಟಿಕ್ ದಾರ ನಳಿಗೆಯ ಉದ್ದಕ್ಕೂ ತೂರಿಸಿರಬೇಕು. ಒಳಗೆ ಪೆಲೆಟ್ ಇಲ್ಲ ಎಂದು ದೂರದಿಂದಲೇ ಯಾರಿಗಾದರೂ ಕಾಣಬೇಕು. "ಸ್ಟಾಪ್" ಎಂದರೆ ಆ ಗಳಿಗೆಗೇ ನಿಲ್ಲಿಸಬೇಕು, ಇನ್ನೊಂದೇ ಒಂದು ಎನ್ನುವ ಹಾಗಿಲ್ಲ. ಪೆಲೆಟ್ ಸೀಸದ್ದು, ಆದ್ದರಿಂದ ರೇಂಜಿನೊಳಗೆ ತಿಂಡಿ ತಿನ್ನಬಾರದು, ಹೊರಗೆ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಆಮೇಲೆ ಕಣ್ಣು. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ತೋಳು ಚಾಚಿ, ಆ ಕಿಂಡಿಯಲ್ಲಿ ದೂರದ ಗಡಿಯಾರ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಮುಖ್ಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಖ್ಯವಾಗಿರುವುದೂ ಉಂಟು. ಹಾಗಿದ್ದರೆ ತರಬೇತುದಾರರಿಗೆ ಮೊದಲ ದಿನವೇ ಹೇಳಬೇಕು. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚುವುದು ಬೇಡ, ಅದರಿಂದ ತೆರೆದ ಕಣ್ಣೂ ಬೇಗ ದಣಿಯುತ್ತದೆ. ಅದರ ಮುಂದೆ ಒಂದು ಬಿಳಿ ಪಟ್ಟಿ ಅಡ್ಡ ಇಟ್ಟರೆ ಸಾಕು.

ನಿಲ್ಲುವ ಭಂಗಿಯನ್ನು ನನಗೆ ತರಬೇತುದಾರರು ವಿವರಿಸಿದ್ದು ಹೀಗೆ: "ಮೇಡಂ, ಬಿಂದಿಗೆ ಸೊಂಟದ ಮೇಲೆ ಇಟ್ಟುಕೊಂಡಾಗ ಹೇಗೆ ನಿಲ್ತೀರೋ ಹಾಗೆ." ನೀರು ಹೊತ್ತ ಅನುಭವ ಇರುವವರಿಗೆ ಇದು ಒಂದೇ ಮಾತಿಗೆ ಅರ್ಥವಾಗುತ್ತದೆ. ಸೊಂಟವನ್ನು ಸ್ವಲ್ಪ ಟಾರ್ಗೆಟ್ ಕಡೆಗೆ ತಳ್ಳಿ, ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ರೈಫಲ್ಲಿನ ಭಾರವನ್ನು ಮೂಳೆಗಳ ಮೂಲಕ ನೆಲಕ್ಕೆ ಇಳಿಸಬೇಕು. ತೋಳಿನ ಸ್ನಾಯುಗಳಿಂದ ಎತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ನಡುಕ ಶುರು. ಬಲಶಾಲಿಗಳಿಗೆ ಈ ಆಟದಲ್ಲಿ ವಿಶೇಷ ಅನುಕೂಲ ಇಲ್ಲದಿರುವುದೂ, ಹೆಂಗಸರು, ಸಣಕಲು ಹುಡುಗರು ಬೇಗ ಹಿಡಿತ ಸಾಧಿಸುವುದೂ ಇದರಿಂದಲೇ. ನಿಂತ ಮೇಲೆ ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಕಣ್ಣು ತೆರೆದು ನೋಡಬೇಕು. ರೈಫಲ್ ಎತ್ತ ತಿರುಗಿದೆಯೋ ಅದು ದೇಹ ತಾನಾಗಿ ತೋರಿಸುವ ದಿಕ್ಕು. ಟಾರ್ಗೆಟ್ ಪಕ್ಕಕ್ಕಿದ್ದರೆ ಕೈಯಿಂದ ಎಳೆದು ತರಬಾರದು, ಪಾದ ಸರಿಸಬೇಕು. ಹೊಸಬರಲ್ಲಿ ಹೆಚ್ಚಿನವರು ಹೊಡೆತ ಕಳೆದುಕೊಳ್ಳುವುದು ಇಲ್ಲೇ.

ಇನ್ನು ಸೈಟ್. ಹಿಂದೆ ಸೂಜಿರಂಧ್ರದಂಥ ಪೀಪ್ ಸೈಟ್, ಮುಂದೆ ಒಂದು ಉಂಗುರ. ಹಿಂದಿನ ರಂಧ್ರದೊಳಗೆ ಮುಂದಿನ ಉಂಗುರ, ಉಂಗುರದೊಳಗೆ ಕಪ್ಪು ವೃತ್ತ, ಎಲ್ಲ ಒಂದರ ನಡುವೆ ಒಂದು ಕೂರಬೇಕು. ಬಿಳಿ ಚುಕ್ಕೆ ಕಾಣಬೇಕಾಗಿಯೇ ಇಲ್ಲ. ವೃತ್ತಗಳು ಸಮನಾಗಿ ಕೂತರೆ ಚುಕ್ಕೆ ತಾನೇ ನಡುವೆ ಇರುತ್ತದೆ. ಸಣ್ಣ ರಂಧ್ರದಿಂದ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುವುದರಿಂದ ಚಾಳೀಸು ಬಂದ ಕಣ್ಣಿಗೂ ಇದು ಒಗ್ಗುತ್ತದೆ. ವಯಸ್ಸೂ ಈ ಆಟಕ್ಕೆ ಅಡ್ಡಿಯಲ್ಲ: 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಆಸ್ಕರ್ ಸ್ವಾನ್ ಶೂಟಿಂಗ್‌ನಲ್ಲಿ ಬೆಳ್ಳಿ ಗೆದ್ದಾಗ ಅವರ ವಯಸ್ಸು 72.

ಈಗ ಅಳತೆಯ ಲೆಕ್ಕ. ನನಗೆ ಪ್ರಿಯವಾದ ಭಾಗ ಇದು, ಸ್ವಲ್ಪ ತಾಳ್ಮೆಯಿಂದ ಓದಿ. ಚುಕ್ಕೆ 0.5 ಮಿಲಿಮೀಟರ್, ಪೆಲೆಟ್ 4.5 ಮಿಲಿಮೀಟರ್. ಪೆಲೆಟ್ಟಿನ ಅಂಚು ಚುಕ್ಕೆಗೆ ತಾಗಿದರೂ ಹತ್ತು ಅಂಕ. ಅಂದರೆ ಪೆಲೆಟ್ಟಿನ ಕೇಂದ್ರ ನಡುಬಿಂದುವಿನಿಂದ 2.5 ಮಿಲಿಮೀಟರ್ ಒಳಗೆ ಬಿದ್ದರೆ ಹತ್ತು. ಈಗಿನ ದೊಡ್ಡ ಸ್ಪರ್ಧೆಗಳಲ್ಲಿ ಆ 2.5 ಮಿಲಿಮೀಟರನ್ನೂ ಹತ್ತು ಭಾಗ ಮಾಡುತ್ತಾರೆ. ನಡುವಿಗೆ 0.25 ಮಿಲಿಮೀಟರ್ ಹತ್ತಿರವಾದಂತೆಲ್ಲ ಒಂದೊಂದು ದಶಮಾಂಶ ಏರಿ 10.9ಕ್ಕೆ ಮುಗಿಯುತ್ತದೆ. ಅರವತ್ತು ಹೊಡೆತಕ್ಕೆ ಒಂದೂಕಾಲು ಗಂಟೆ, ಗರಿಷ್ಠ 654. ರೈಫಲ್ಲಿನ ಮುಂದಿನ, ಹಿಂದಿನ ಸೈಟುಗಳ ನಡುವಿನ ಅಂತರ 80 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಮುಂದಿನ ಉಂಗುರ 0.2 ಮಿಲಿಮೀಟರ್, ಅಂದರೆ 200 ಮೈಕ್ರಾನ್ ಅತ್ತಿತ್ತ ಸರಿದರೆ ಹತ್ತು ಮೀಟರ್ ಆಚೆ ಆ 2.5 ಮಿಲಿಮೀಟರ್ ಮುಗಿದುಹೋಗುತ್ತದೆ. ಹೃದಯದ ಬಡಿತವೇ ಸೈಟಿನಲ್ಲಿ ಕಾಣಿಸುವ ಆಟ ಇದು. ಕಾಗದದ ಕಾರ್ಡಿನಲ್ಲಿ ಅನುಮಾನ ಬಂದರೆ ತೂತಿಗೆ ಪ್ಲಗ್ ಗೇಜ್ ಇಳಿಸಿ, ಭೂತಗನ್ನಡಿಯಲ್ಲಿ ನೋಡಿ ತೀರ್ಮಾನಿಸುತ್ತಾರೆ. ನಾನು ಕೆಲಸದಲ್ಲಿ ಬೋರ್ ಪರೀಕ್ಷಿಸುವುದೂ ಪ್ಲಗ್ ಗೇಜಿನಿಂದಲೇ. ರೇಂಜಿನಲ್ಲಿ ಅದನ್ನು ಮೊದಲ ಸಲ ಕಂಡ ದಿನವೇ ಈ ಆಟ ನನ್ನದು ಅನ್ನಿಸಿತು.

ಈ ಲೆಕ್ಕ ಮನಸ್ಸಿನಲ್ಲಿದ್ದರೆ ದೊಡ್ಡ ಆಟಗಾರರ ಸಾಧನೆ ಬೇರೆಯೇ ಆಗಿ ಕಾಣುತ್ತದೆ. 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಹೊಡೆತಕ್ಕೆ ಬಂದಾಗ ಫಿನ್ಲೆಂಡಿನ ಹೆನ್ರಿ ಹಾಕ್ಕಿನೆನ್ ಜೊತೆ ಅಂಕ ಸಮ ಇತ್ತು. ಬಿಂದ್ರಾ 10.8 ಹೊಡೆದರು. ನಡುಬಿಂದುವಿನಿಂದ ಅರ್ಧ ಮಿಲಿಮೀಟರಿನೊಳಗೆ, ಅಂಥ ಗಳಿಗೆಯಲ್ಲಿ! ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಚಿನ್ನ ಬಂದದ್ದು ಹಾಗೆ. ಅದಕ್ಕೂ ಮೊದಲು, 2004ರಲ್ಲಿ, ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಸುಮಾ ಶಿರೂರ್ 400ಕ್ಕೆ 400 ಹೊಡೆದು ವಿಶ್ವದಾಖಲೆ ಸರಿಗಟ್ಟಿದ್ದರು. ನಲವತ್ತು ಹೊಡೆತ, ನಲವತ್ತೂ ಹತ್ತು. ಸುಮಾ ಹುಟ್ಟಿದ್ದು ನಮ್ಮ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ಎಂಬುದು ಇಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಥೆನ್ಸ್ ಒಲಿಂಪಿಕ್ಸ್ ಫೈನಲ್ ಆಡಿದ ಅವರೇ ಮುಂದೆ ಪ್ಯಾರಾಲಿಂಪಿಕ್ಸ್ ಚಿನ್ನ ಗೆದ್ದ ಅವನಿ ಲೇಖರಾಗೆ ಗುರುವಾದರು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್‌ನಲ್ಲಿ ಏರ್ ರೈಫಲ್ ಕಂಚು ಗೆದ್ದಾಗ ಇನ್ನೂ ಶಾಲಾ ಹುಡುಗಿ, 14 ವರ್ಷ. ಕರ್ನಾಟಕದ ಮೇಘನಾ ಸಜ್ಜನರ್ 2025ರಲ್ಲಿ ಚೀನಾದ ನಿಂಗ್ಬೋ ವಿಶ್ವಕಪ್‌ನಲ್ಲಿ ಕಂಚು ತಂದರು. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ರೈಫಲ್ಲಿನ ಭಾರ ಹೊರುವ ಸ್ಟ್ಯಾಂಡ್ ಬಳಸುವ ಎಸ್‌ಎಚ್2 ವಿಭಾಗದಲ್ಲಿ 2022ರ ಪ್ಯಾರಾ ವಿಶ್ವಕಪ್ ಚಿನ್ನ ಗೆದ್ದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋಗಿಬಂದರು. ತಡವಾಯಿತು ಎನ್ನುವವರಿಗೆ ನಾನು ಹೇಳುವ ಹೆಸರು ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದು. ಆಡುವುದು ಪಿಸ್ತೂಲು. 2013ರಲ್ಲಿ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿದರೂ ಚೇತರಿಸಿಕೊಂಡು ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, ಆಗ ಅವರಿಗೆ 38.

ಉಸಿರಿನ ವಿಷಯ ಹೇಳಬೇಕು. ಉಸಿರು ಹೊರಬಿಟ್ಟ ಮೇಲೆ ಮುಂದಿನದನ್ನು ಎಳೆದುಕೊಳ್ಳುವ ಮೊದಲು ದೇಹ ತಾನಾಗಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಹೊಡೆಯಬೇಕಾದ್ದು ಆ ಬಿಡುವಿನಲ್ಲಿ. ಏಳೆಂಟು ಸೆಕೆಂಡಿನೊಳಗೆ ಹೊಡೆತ ಹೊರಡದಿದ್ದರೆ ರೈಫಲ್ ಇಳಿಸಬೇಕು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಕಣ್ಣು ಹಳೆಯ ಚಿತ್ರವನ್ನೇ ತೋರಿಸಿ ಮೋಸ ಮಾಡುತ್ತದೆ. ಟ್ರಿಗರಿಗೆ ಎರಡು ಹಂತ. ಮೊದಲ ಹಂತ ಸಡಿಲ. ಎರಡನೆಯದಕ್ಕೆ ತಾಗಿದಾಗ ಬೆರಳಿಗೆ ಒಂದು ತಡೆ ಸಿಗುತ್ತದೆ. ಅಲ್ಲಿಂದ ಮುಂದಕ್ಕೆ ಎಳೆಯುವುದಿಲ್ಲ, ಒತ್ತಡ ಏರಿಸುತ್ತಾ ಹೋಗುವುದಷ್ಟೇ. ಹೊಡೆತ ಹೊರಟ ಮೇಲೂ ಒಂದೆರಡು ಸೆಕೆಂಡ್ ಹಾಗೇ ನಿಂತು ಸೈಟ್ ನೋಡುತ್ತಿರಬೇಕು. ಟ್ರಿಗರ್ ಬಿದ್ದ ಮೇಲೂ ಪೆಲೆಟ್ ನಳಿಗೆಯೊಳಗೆ ಕೆಲವು ಮಿಲಿಸೆಕೆಂಡ್ ಇರುತ್ತದೆ. ಕಾರ್ಡ್ ನೋಡುವ ಆತುರಕ್ಕೆ ತಲೆ ಎತ್ತಿದರೆ ಅಷ್ಟರಲ್ಲೇ ಕೆಡುತ್ತದೆ.

ಖರ್ಚಿನ ಮಾತಿಗೆ ಬರೋಣ. ಜರ್ಮನಿಯ ವಾಲ್ಟರ್, ಫೈನ್‌ವರ್ಕ್‌ಬೌ, ಆಸ್ಟ್ರಿಯಾದ ಸ್ಟೈರ್ ಕಂಪನಿಗಳ ಮ್ಯಾಚ್ ರೈಫಲ್ ಎರಡು ಲಕ್ಷ ರೂಪಾಯಿಗೂ ಮೇಲೆ. ದಪ್ಪ ಕ್ಯಾನ್ವಾಸ್ ಜಾಕೆಟ್, ಪ್ಯಾಂಟು, ಚಪ್ಪಟೆ ಅಡಿಯ ಬೂಟು, ಗ್ಲೌಸ್ ಬೇರೆ. ಇದನ್ನು ಕೇಳಿ ಜನ ಹಿಂದೆ ಸರಿಯುತ್ತಾರೆ. ಇಲ್ಲವೇ ಮಗ ಒಂದು ವಾರ ಆಸೆಪಟ್ಟ ಎಂದು ಸಾಲ ಮಾಡಿ ತಂದುಬಿಡುತ್ತಾರೆ. ಎರಡೂ ಬೇಡ. ಒಳ್ಳೆಯ ರೇಂಜಿನಲ್ಲಿ ಕಲಿಯುವವರಿಗೆ ರೇಂಜಿನದೇ ರೈಫಲ್, ಜಾಕೆಟ್ ಸಿಗುತ್ತವೆ. ತಿಂಗಳ ಶುಲ್ಕ, ಪೆಲೆಟ್ಟಿನ ಡಬ್ಬಿ, ಇಷ್ಟರಲ್ಲೇ ಮೊದಲ ಕೆಲವು ತಿಂಗಳು ನಡೆಯುತ್ತದೆ. ಭಂಗಿ ಕೂರುವ ಮೊದಲು ಕೊಂಡ ರೈಫಲ್ಲಿನ ಉದ್ದ, ಕೆನ್ನೆಪಟ್ಟಿ, ಭುಜದ ಹಲಗೆ ಯಾವುದೂ ನಿಮಗೆ ಹೊಂದುವುದಿಲ್ಲ. ಗಾಳಿಯ ಸಿಲಿಂಡರಿಗೂ ಅವಧಿ ಇದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಸಿಲಿಂಡರಿನ ಮೇಲಿನ ತಾರೀಖು ನೋಡಬೇಕು. 200 ಬಾರ್ ಒತ್ತಡ ತಡೆಯುವ ಆ ಸಿಲಿಂಡರಿನ ಆಯಸ್ಸು ಸಾಮಾನ್ಯವಾಗಿ ಹತ್ತು ವರ್ಷ. ಮನೆಯಲ್ಲಿ ಅಭ್ಯಾಸಕ್ಕೆ ಪೆಲೆಟ್ ಹಾಕದೆ ಗೋಡೆಯ ಚುಕ್ಕೆಗೆ ಗುರಿ ಹಿಡಿಯುವ ಡ್ರೈ ಫೈರಿಂಗ್ ಇದೆ. ದೊಡ್ಡ ಆಟಗಾರರೂ ಇದನ್ನು ಬಿಡುವುದಿಲ್ಲ. ಆದರೆ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಸಾದಾ ಏರ್ ಗನ್‌ನಲ್ಲಿ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಬಾರದು, ಒಳಗಿನ ಪಿಸ್ಟನ್ ಹಾಳಾಗುತ್ತದೆ.

ಸ್ಪರ್ಧೆ ಬೇಕೆನಿಸಿದವರಿಗೆ ದಾರಿ ಇದೆ. 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಮೊದಲ ಅಧ್ಯಕ್ಷರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್, ಅವರ ಹೆಸರಿನ ಅಖಿಲ ಭಾರತ ಕೂಟ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ ಮೆಟ್ಟಿಲು. ನಮ್ಮವರು ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಸ್ಪರ್ಧೆಗಳಿಂದ ಆರಂಭಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದ ವಿಭಾಗದ ಜೊತೆಗೆ ಎನ್‌ಆರ್ ಎಂಬ ರಾಷ್ಟ್ರೀಯ ನಿಯಮದ ವಿಭಾಗವೂ ಇದೆ, ಹೊಸಬರು ಅದರಲ್ಲಿ ಇಳಿಯಬಹುದು. ಹಿರಿಯರಿಗೆ ಮಾಸ್ಟರ್ಸ್ ಇದೆ. ಸ್ಪರ್ಧೆಯೇ ಬೇಡ ಎನ್ನುವವರೂ ನಮ್ಮ ರೇಂಜಿನಲ್ಲಿ ಹಲವರಿದ್ದಾರೆ. ವಾರಕ್ಕೊಮ್ಮೆ ಬಂದು, ಕಾರ್ಡುಗಳ ಹಿಂದೆ ತಾರೀಖು ಬರೆದು ಕಟ್ಟಿಡುತ್ತಾರೆ. ನಾನೂ ಹಾಗೇ. ಅಂಕ ಕೂಡುವುದಕ್ಕಿಂತ ಮೊದಲು ವರ್ನಿಯರ್ ತೆಗೆದು ಗ್ರೂಪಿನ ಅಗಲ ಅಳೆಯುತ್ತೇನೆ. ಹೊಸಬರೂ ಮೊದಲ ವರ್ಷ ಅದೊಂದನ್ನೇ ಅಳೆದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಮ್ಮೆ ಹೋಗಿ ನೋಡಿ. ಗುರುತಿನ ಚೀಟಿ ಜೊತೆಗಿರಲಿ, ಅಡಿ ಚಪ್ಪಟೆಯಾದ ಶೂ ಹಾಕಿ. ರೈಫಲ್ ಮುಟ್ಟುವ ಮೊದಲು ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು, ಕಲಿಸುವವರು ಮಕ್ಕಳ ಹತ್ತಿರ ಹೇಗೆ ಮಾತಾಡುತ್ತಾರೆ, ಕೆಳಗಿಟ್ಟ ರೈಫಲ್ಲುಗಳಲ್ಲಿ ಸೇಫ್ಟಿ ಫ್ಲ್ಯಾಗ್ ಇದೆಯೇ ಎಂದು ಗಮನಿಸಿ. ಸುರಕ್ಷತೆಯ ಪಾಠ ಮಾಡದೆ ನೇರ ರೈಫಲ್ ಕೈಗಿಡುವ ಜಾಗ ಎಷ್ಟೇ ಹತ್ತಿರ ಇರಲಿ, ಎಷ್ಟೇ ಅಗ್ಗ ಇರಲಿ, ಅಲ್ಲಿ ದುಡ್ಡು ಕಟ್ಟಬೇಡಿ.